ಕೋಟು ತೊಟ್ಟ ಗಂಡ, ಹಚ್ಚೆ ಕಳೆದ ಹೆಂಡತಿ

ಹೊರಮಾವಿನ ಹಳೇ ಊರಿನ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಗೋವಿಂದಮ್ಮನ ಮನೆ ಯಾವುದೆಂದು ಕೇಳಿ ನೋಡಿ. ನಂಬರು, ಕ್ರಾಸು ಯಾರೂ ಹೇಳುವುದಿಲ್ಲ. "ಹಿಂಗೇ ಹೋಗ್ತಾ ಇರಿ, ಯಾರಾದ್ರೂ ಥೂ ಅಂದಿದ್ದು ಕೇಳಿಸಿದ್ರೆ ಅಲ್ಲೇ ನಿಂತ್ಕೊಳಿ" ಎನ್ನುತ್ತಾರೆ.

ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ಊರಿನ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಹರಿದು ಹಾಕಿದ ಮೇಲೂ ಆಕೆಯ ಜಗಲಿ ಇದ್ದಲ್ಲೇ ಇದೆ. ಎಪ್ಪತ್ತು ದಾಟಿದ ಗೋವಿಂದಮ್ಮ ಎಲೆಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕುಳಿತಳೆಂದರೆ ಬೀದಿಯ ದರ್ಬಾರು ಶುರು. ಆಕೆಯ ಥೂಗಳಲ್ಲೂ ಬಗೆಬಗೆ. ನೀರು ಬೆರೆತ ಹಾಲಿಗೆ ತುಟಿಯಂಚಿನ ಥೂ. ಜಗಲಿಗೆ ತಾಗುವಂತೆ ಬೈಕು ಓಡಿಸುವವನಿಗೆ ಗಂಟಲಿನ ಥೂ. ಬಾಡಿಗೆ ರೂಮಿನ ಹುಡುಗರು ಡಬ್ಬಿಯಲ್ಲಿ ತರಿಸಿಕೊಳ್ಳುವ ನಿನ್ನೆಯ ಅನ್ನಕ್ಕೆ ಮೂಗಿನಿಂದಲೇ ಹೊರಡುವ ಒಂದು ಥೂ. ಆದರೆ ಎಲ್ಲಕ್ಕಿಂತ ಹಳೆಯದು, ಹೊಟ್ಟೆಯ ತಳದಿಂದ ಏಳುವುದು, ಬೇರೆಯೇ ಇದೆ. ಅದು ನಡುಮನೆಯ ಗೋಡೆಯ ಮೇಲಿರುವ ಫೋಟೋಗೆ ಮೀಸಲು.

ಫೋಟೋದಲ್ಲಿರುವುದು ಆಕೆಯ ಗಂಡ ಮುನಿಆಂಜನಪ್ಪ. ಹಾಗೆಂದು ಮನೆಯವರು ಹೇಳುತ್ತಾರೆ.

ಮುನಿಆಂಜನಪ್ಪ ಎಮ್ಮೆ ಕಟ್ಟಿದವನು. ಊರು ಇನ್ನೂ ಊರಾಗಿದ್ದಾಗ ಕೆರೆಯಂಗಳದಲ್ಲಿ ಎಮ್ಮೆ ಮೇಯಿಸಿ, ಬಾಣಸವಾಡಿಯವರೆಗೂ ಸೈಕಲ್ ತುಳಿದು ಮನೆಮನೆಗೆ ಹಾಲು ಹಾಕುತ್ತಿದ್ದ. ಮೈಮೇಲೆ ಒಂದು ಬನಿಯನ್ನು, ಹೆಗಲ ಮೇಲೆ ಕೆಂಪು ಚೌಕಳಿ ಟವಲು. ಮೂಗಿನ ಎಡಕ್ಕೆ ಹುಣಸೆಬೀಜದಷ್ಟು ದಪ್ಪ ಮಚ್ಚೆ. ಬಿಸಿಲಲ್ಲೇ ಬದುಕಿದ್ದಕ್ಕೆ ಕಣ್ಣು ಸದಾ ಅರ್ಧ ಮುಚ್ಚಿದಂತೆ. ಅವನು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಇರಲಿಲ್ಲ. ಮಗ ಮುರಳಿ ಯಾರದೋ ಮದುವೆಯ ಗುಂಪುಫೋಟೋ ಹಿಡಿದುಕೊಂಡು ಸ್ಟುಡಿಯೋಗೆ ಹೋದ. ಹನ್ನೊಂದನೇ ದಿನಕ್ಕೆ ಕಟ್ಟು ಹಾಕಿಸಿಕೊಂಡು ಬಂದ.

ಗೋವಿಂದಮ್ಮ ಕಣ್ಣೊರೆಸಿಕೊಂಡು ನೋಡಿದಳು. ಕಪ್ಪು ಕೋಟು. ನೀಲಿ ಟೈ. ಹಿಂದೆ ಮೋಡದಂಥ ಪರದೆ. ಕೋಟಿನ ಮೇಲೆ ಗುಲಾಬಿ ಬಣ್ಣದ ದುಂಡು ಮುಖ. ಮಚ್ಚೆ ಇಲ್ಲ. ಕಣ್ಣುಗಳನ್ನು ಯಾರೋ ಬಲವಂತವಾಗಿ ಅಗಲಿಸಿ ತೆರೆಸಿದ್ದರು.

"ಮುರಳೀ, ಯಾರ್ದೋ ಅದ್ಲುಬದ್ಲಾಗೈತೆ. ವಾಪಸ್ ಕೊಟ್ ಬಾ."

"ಅಪ್ಪಂದೇ ಕಣಮ್ಮ. ಕಂಪ್ಯೂಟರ್‌ನಲ್ಲಿ ನೀಟಾಗಿ ಮಾಡಿದ್ದಾರೆ."

ನೆಂಟರೂ ಚೆನ್ನಾಗಿ ಬಂದಿದೆ ಎಂದರು. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ಗೋವಿಂದಮ್ಮ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೂ ಆ ಫೋಟೋದ ಮುಂದೆ ಬಾಳೆಎಲೆ ಹಾಕಿ, ಮುದ್ದೆ, ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ ಇಟ್ಟು ಕೈಮುಗಿಯುವುದು, ಆಮೇಲೆ ಅಡುಗೆಮನೆಗೆ ಬಂದು ಸೊಸೆ ಯಮುನಾಳ ಹತ್ತಿರ ಅದೇ ಮಾತು ಹೇಳುವುದು: "ನಮ್ಮಾತ ಹೊರಗೆ ಹಸ್ಕೊಂಡ್ ನಿಂತವ್ನೆ ಕಣೇ. ಯಾವನೋ ಕೋಟಿನವನು ಬಂದು ಉಂಡ್ಕಂಡ್ ಹೋಯ್ತಾವ್ನೆ."

ಯಮುನಾ ನಗುತ್ತಿದ್ದಳು. ಆದರೆ ಅತ್ತೆ ನಗುತ್ತಿರಲಿಲ್ಲ.

ಹೀಗಿರುವಾಗ ಹೋದ ಶ್ರಾವಣದಲ್ಲಿ ಮೊಮ್ಮಗಳು ತೇಜಶ್ರೀಯ ನಿಶ್ಚಿತಾರ್ಥ ಬಂತು. ತೇಜಶ್ರೀ ಇಂದಿರಾನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ಕೈಯಲ್ಲಿ ಫೋನು, ಫೋನಿನ ತುಂಬ ಫೋಟೋ. ಮನೆಯ ಮುಂದೆ ಕಟ್ಟುವ ಫ್ಲೆಕ್ಸನ್ನು ತಾನೇ ಕೂತು ಮಾಡಿದಳು. ನಡುವೆ ತಾನು ಮತ್ತು ಹುಡುಗ, ಸುತ್ತ ಎರಡೂ ಮನೆಯ ಹಿರಿಯರು ಒಂದೊಂದು ಹೂವಿನ ಬಳೆಯೊಳಗೆ.

ಬೆಳಿಗ್ಗೆ ಫ್ಲೆಕ್ಸ್ ಕಟ್ಟಿದರು. ಮನೆಯ ಹಿಂಭಾಗದ ಬಾಡಿಗೆ ರೂಮಿನ ಸುಭದ್ರಮ್ಮ ಕೊಡ ಹಿಡಿದುಕೊಂಡು ಬಂದವಳು ಅದರ ಮುಂದೆ ನಿಂತಳು. ಸುಭದ್ರಮ್ಮ ಕಲಬುರಗಿ ಕಡೆಯವಳು. ಗಂಡ ಮಕ್ಕಳ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು ಈ ಊರಿಗೆ ಒಗ್ಗಿಕೊಂಡಿದ್ದಾಳೆ, ಆದರೆ ಮಾತು ಮಾತ್ರ ಅಲ್ಲಿಯದೇ.

"ಆಯಿ, ಮೂಲ್ಯಾಗ ಇರೋ ಇಕಿ ಯಾರ್ರಿ? ನಿಮ್ಮ ತಂಗೀನೇನ್ರಿ?"

"ನನಗೆಲ್ಲಿ ತಂಗಿ?" ಎಂದು ಗೋವಿಂದಮ್ಮ ಜಗಲಿಯಿಂದ ಇಳಿದು ಬಂದಳು.

ಮೂಲೆಯ ಹೂಬಳೆಯೊಳಗೆ ಒಬ್ಬ ಹೆಂಗಸು. ಸುಣ್ಣ ಬಳಿದ ಗೋಡೆಯಂಥ ಮುಖ. ಕೆನ್ನೆಗೆ ಕೆಂಪು, ತುಟಿಗೆ ಕೆಂಪು. ಒಂದು ಸುಕ್ಕಿಲ್ಲ. ತಲೆಗೂದಲು ಮಾತ್ರ ಬೆಳ್ಳಗೆ, ಯಾರೋ ಇನ್ನೊಬ್ಬರ ಕೂದಲನ್ನು ಎರವಲು ತಂದಂತೆ. ಸೀರೆ ತನ್ನದು. ಮೂಗುಬೊಟ್ಟು ತನ್ನದು. ಗೋವಿಂದಮ್ಮ ಇನ್ನೂ ಹತ್ತಿರ ಹೋದಳು. ಹಣೆ ನೋಡಿದಳು. ಗದ್ದ ನೋಡಿದಳು. ಆಮೇಲೆ ಕೈ ತಾನಾಗಿ ಮೇಲೆದ್ದು ತನ್ನ ಹಣೆಯನ್ನು ಮುಟ್ಟಿಕೊಂಡಿತು.

ಗೋವಿಂದಮ್ಮನ ಹಣೆಯಲ್ಲಿ ಹಚ್ಚೆ ಇದೆ. ಎರಡು ಹುಬ್ಬು ಕೂಡುವ ಕಡೆಯಿಂದ ಮೇಲಕ್ಕೊಂದು ಹಸಿರು ಗೆರೆ, ಗೆರೆಯ ನೆತ್ತಿಗೊಂದು ಚುಕ್ಕೆ, ಗದ್ದದ ಮೇಲೆ ಮೂರು ಚುಕ್ಕೆ. ಹೊಸಕೋಟೆ ಕಡೆಯ ತವರಿನಲ್ಲಿ, ಇನ್ನೂ ಲಂಗ ಉಡುವ ವಯಸ್ಸಿನಲ್ಲಿ ಹಾಕಿಸಿದ್ದು. ಹಚ್ಚೆಯವಳು ಸೊಪ್ಪಿನ ರಸಕ್ಕೆ ದೀಪದ ಕಪ್ಪು ಕಲಸಿ, ಸೂಜಿ ಅದ್ದಿ ಅದ್ದಿ ಚುಚ್ಚುತ್ತಿದ್ದರೆ ಅಜ್ಜಿ ಇವಳ ತಲೆಯನ್ನು ಮಂಡಿಗಳ ನಡುವೆ ಅಮುಕಿ ಹಿಡಿದಿದ್ದಳು. ಇವಳು ಒದ್ದಾಡಿದ್ದಕ್ಕೆ ಗೆರೆ ಮೇಲ್ತುದಿಯಲ್ಲಿ ಕೊಂಚ ಬಲಕ್ಕೆ ವಾಲಿದೆ. ಅಳು ನಿಂತ ಮೇಲೆ ಅಜ್ಜಿ ಬೆಲ್ಲದ ಚೂರು ಬಾಯಿಗಿಟ್ಟು ಹೇಳಿದ್ದಳು: "ಹೋಗೋವಾಗ ಓಲೆ ಬಿಚ್ಕತಾರೆ, ಬಳೆ ಒಡೀತಾರೆ, ಉಟ್ಟಿದ್ದೂ ಸುಟ್ಟೋಗ್ತದೆ. ಇದೊಂದನ್ನ ಮಾತ್ರ ಯಾರೂ ಬಿಚ್ಕಳಕಾಗಲ್ಲ ಮಗಾ. ಆ ಕಡೆ ಇರೋರು ಇದನ್ನ ನೋಡೇ ನಿನ್ನ ಗುರುತು ಹಿಡಿಯೋದು."

"ತೇಜೂ" ಎಂದು ಗೋವಿಂದಮ್ಮ ಕರೆದಳು.

ಮೊಮ್ಮಗಳು ಮುಖಕ್ಕೆ ಏನೋ ಮೆತ್ತಿಕೊಂಡೇ ಓಡಿ ಬಂದಳು. "ಏನಜ್ಜಿ? ಸೂಪರಾಗಿದೆ ಅಲ್ವಾ?"

"ನನ್ ಹಚ್ಚೆ ಎಲ್ಲೇ?"

ತೇಜಶ್ರೀ ಫ್ಲೆಕ್ಸನ್ನು ನೋಡಿದಳು. ಆಗಲೇ ಅವಳಿಗೂ ಕಂಡದ್ದು. "ಅಯ್ಯೋ, ಅದು ನಾನ್ ಮಾಡಿದ್ದಲ್ಲ ಅಜ್ಜಿ. ಆ್ಯಪ್ ತಾನೇ ಮಾಡ್ಬಿಡುತ್ತೆ. ಮುಖದಲ್ಲಿ ಕಲೆ ಗಿಲೆ ಇದ್ರೆ ಕ್ಲೀನ್ ಮಾಡುತ್ತೆ."

"ಕಲೆನಾ?"

"ನಾನ್ ಅಂದಿದ್ದಲ್ಲ. ಅದು ಹಂಗಂದ್ಕೊಳ್ಳುತ್ತೆ."

"ಓಲೆ ಬಿಚ್ಕಳೋರೂ ಹೆಣ ಬೀಳೋತನಕ ಕಾಯ್ತಾರೆ" ಎಂದಳು ಗೋವಿಂದಮ್ಮ. "ಇವ್ರು ಬದುಕಿರೋವಾಗ್ಲೇ ಬಿಚ್ಕಂಡ್ರಲ್ಲೇ."

ಅಂದು ನೆಂಟರೆಲ್ಲ ಒಳಗೆ ಸಂಭ್ರಮದಲ್ಲಿದ್ದರೆ ಗೋವಿಂದಮ್ಮ ಊಟದ ಎಲೆಯ ಮುಂದೂ ಫ್ಲೆಕ್ಸಿನ ಕಡೆಯೇ ನೋಡುತ್ತಿದ್ದಳು. ಮನಸ್ಸಿನೊಳಗೆ ಒಂದು ಲೆಕ್ಕ ಸ್ಪಷ್ಟವಾಗಿತ್ತು. ನಾಳೆ ತಾನು ಹೋದರೆ ಮುರಳಿ ಇದೇ ಸುಣ್ಣದ ಮುಖವನ್ನು ಕಟ್ಟು ಹಾಕಿಸಿ ಆ ಕೋಟಿನವನ ಪಕ್ಕಕ್ಕೆ ಮೊಳೆ ಹೊಡೆಯುತ್ತಾನೆ. ಗುರುತಿಲ್ಲದ ಗಂಡು, ಗುರುತಿಲ್ಲದ ಹೆಣ್ಣು, ಇಬ್ಬರೂ ಕೂತು ಈ ಮನೆಯ ಕೋಳಿ ಸಾರು ಉಣ್ಣುತ್ತಾರೆ. ತಾನೂ ತನ್ನ ಗಂಡನೂ ಗೇಟಿನ ಹೊರಗೆ.

ಎರಡು ದಿನ ಕಳೆದು ಆಕೆ ಸೊಸೆ, ಮೊಮ್ಮಗಳನ್ನು ಕೂರಿಸಿಕೊಂಡು ಹೇಳಿದಳು. "ನಂದೊಂದು ಫೋಟೋ ಹಿಡಿಸ್ಬೇಕು. ಹೋದ್ಮೇಲೆ ಹಾಕೋದು. ನನ್ ಮುಖ ಇರ್ಬೇಕು ಅದ್ರಲ್ಲಿ."

"ಬಿಡ್ತು ಅನ್ನಿ ಅತ್ತೆ" ಎಂದಳು ಯಮುನಾ.

"ಬಿಡ್ತು ಅನ್ನಲ್ಲ. ಫೋಟೋ ಹಿಡೀರಿ."

ತೇಜಶ್ರೀ ಅಜ್ಜಿಯನ್ನು ಅಂಗಳದ ಬೆಳಕಿಗೆ ಕೂರಿಸಿ ಫೋನು ಹಿಡಿದಳು. ಮೊದಲ ಫೋಟೋದಲ್ಲಿ ಗೋವಿಂದಮ್ಮ ಇಡ್ಲಿಯ ಹಾಗೆ ಬಂದಳು. "ತಾಳಿ, ಬ್ಯೂಟಿ ಆಫ್ ಮಾಡ್ತೀನಿ" ಎಂದು ಹುಡುಗಿ ಎಲ್ಲೆಲ್ಲೋ ಒತ್ತಿದಳು. ಎರಡನೆಯದರಲ್ಲಿ ಸುಕ್ಕು ಬಂತು, ಗೆರೆ ಬರಲಿಲ್ಲ. ಅದು ಇನ್ನೂ ಎಲ್ಲೋ ಒಳಗೆ ಆನ್ ಇದೆ ಎಂದಳು. ಹುಡುಕಿ ಅದನ್ನೂ ತೆಗೆದಳು. ಮೂರನೆಯದು ತೆಗೆಯುವಷ್ಟರಲ್ಲಿ ಫೋನು ಏನೋ ಅಪ್‌ಡೇಟ್ ಕೇಳಿತು. ಕೊಟ್ಟಳು. ಕಾದರು. ಅಪ್‌ಡೇಟ್ ಆಗಿ ಎದ್ದ ಫೋನು ಆಫ್ ಮಾಡಿದ್ದೆಲ್ಲವನ್ನೂ ಮತ್ತೆ ಆನ್ ಮಾಡಿಕೊಂಡಿತ್ತು. ಆ್ಯಪ್ ತೆರೆದರೆ ಮೊದಲು ಒಂದು ಜಾಹೀರಾತು, ಆಮೇಲೆ ಒಂದು ಗುಲಾಬಿ ಗುಂಡಿ.

"ಏನಂತದೆ ಅದು?" ಗೋವಿಂದಮ್ಮ ಇಣುಕಿದಳು.

ತೇಜಶ್ರೀ ತುಟಿ ಕಚ್ಚಿಕೊಂಡಳು. "ಇಪ್ಪತ್ತು ವರ್ಷ ಚಿಕ್ಕವರಾಗಿ ಕಾಣ್ಬೇಕಾ ಅಂತ ಕೇಳ್ತಿದೆ."

"ಆಗ್ಲೂ ಹಚ್ಚೆ ಇತ್ತು ಅನ್ನು ಅದಕ್ಕೆ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸುಭದ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳ ಗದ್ದದ ಮೇಲೂ ಹಚ್ಚೆಯಿದೆ, ಮುಂಗೈ ಮೇಲೆ ಚೇಳಿದೆ. "ನನ್ನವೂ ಹಂಗೇ ಆಯಿ. ನನ್ನ ಮಗ ತೆಗದ್ರ ಗದ್ದ ಬೋಳು ಬರ್ತೈತಿ. ನಾ ಇನ್ನ ಫೋಟೋ ತಕ್ಕೊಳ್ಳೋದೇ ಬಿಟ್ಟೀನಿ" ಎಂದಳು.

"ನೀನ್ ಬಿಡು. ನಾನ್ ಬಿಡಲ್ಲ" ಎಂದಳು ಗೋವಿಂದಮ್ಮ.

ತೇಜಶ್ರೀಗೆ ರಜೆಯಿದ್ದ ದಿನ ಇಬ್ಬರೂ ಆಟೋ ಹತ್ತಿ ಕೃಷ್ಣರಾಜಪುರಕ್ಕೆ ಹೋದರು. ಗಂಡನಿಗೆ ಕೋಟು ತೊಡಿಸಿದ ಸ್ಟುಡಿಯೋ ಇದ್ದ ಸಾಲನ್ನು ದಾಟಿ, ಮಾರ್ಕೆಟ್ಟಿನ ಹಿಂದಿನ ಬೇರೊಂದು ಸ್ಟುಡಿಯೋಗೆ ಬೇಕೆಂದೇ ಕರೆದುಕೊಂಡು ಹೋದಳು ಗೋವಿಂದಮ್ಮ. ಅಂಗಡಿಯವನ ಹೆಸರು ದತ್ತು. ನಗುಮುಖದವನು.

"ಬನ್ನಿ ಅಮ್ಮ. ಪಾಸ್‌ಪೋರ್ಟ್ ಸೈಜಾ?"

"ಗೋಡೆ ಸೈಜು. ಸತ್ತೋರ್‌ದು ಹಾಕ್ತಾರಲ್ಲ, ಅದು."

"ಯಾರು ತೀರ್ಕೊಂಡಿದ್ದು ಅಮ್ಮ?"

"ನಾನೇ. ಇನ್ನೂ ಟೈಮ್ ಐತೆ."

ದತ್ತು ತೇಜಶ್ರೀಯ ಮುಖ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಬೆವರು ಹೊಳೆಯಬಾರದೆಂದು ಮುಖಕ್ಕೆ ಪೌಡರು ತಟ್ಟಿದ. ಬೇಡವೆನ್ನುವಷ್ಟರಲ್ಲಿ ತಟ್ಟಿ ಮುಗಿದಿತ್ತು. ದೊಡ್ಡ ದೀಪಗಳು ಹತ್ತಿ ಆರಿದವು.

ಕಂಪ್ಯೂಟರಿನ ಮೇಲೆ ಮುಖ ಬಂತು. ಬೆಳಕಿಗೂ ಪೌಡರಿಗೂ ಗೆರೆ ಮಾಸಿಹೋಗಿತ್ತು, ಆದರೆ ಇತ್ತು. ವಾಲಿದ ತುದಿ ಕೂಡ ಕಾಣುತ್ತಿತ್ತು. ಗೋವಿಂದಮ್ಮ ಮುಂದಕ್ಕೆ ಬಾಗಿ ಬೆರಳು ತೋರಿಸಿದಳು. "ಅಕಾ, ಅದೇ." ಅಷ್ಟರಲ್ಲಿ ದತ್ತುವಿನ ಕೈ, ದಿನಾ ಮಾಡುವ ಅಭ್ಯಾಸದಲ್ಲಿ, ಒಂದು ಗುಂಡಿ ಒತ್ತಿತ್ತು. ಮುಖದ ಮೇಲೆ ಒದ್ದೆಬಟ್ಟೆ ಎಳೆದಂತಾಯಿತು. ಗೆರೆ ಹೋಯಿತು.

"ಏನ್ ಮಾಡ್ದೆ?"

"ಕ್ಲೀನ್ ಮಾಡ್ದೆ ಅಮ್ಮ."

"ನಾನೇನು ಪಾತ್ರೆನಾ?"

ದತ್ತು ನಕ್ಕ. ಅವನದೂ ಒಂದು ಕಷ್ಟವಿತ್ತು. "ಏನ್ ಮಾಡೋದಮ್ಮ. ಇದ್ದಂಗೇ ಕೊಟ್ರೆ ಜನ ತಂದು ಟೇಬಲ್ ಮೇಲೆ ಎಸೀತಾರೆ. ಕಪ್ಪಗಿದೆ, ವಯಸ್ಸಾದಂಗಿದೆ ಅಂತಾರೆ. ಬೆಳ್ಳಗೆ ಮಾಡ್ದೋನೇ ಒಳ್ಳೆ ಫೋಟೋಗ್ರಾಫರ್. ನಿಮಗೆ ಹಚ್ಚೆ ಬೇಕು ತಾನೆ? ನಾನೇ ಬರ್ದುಕೊಡ್ತೀನಿ, ಎರಡು ನಿಮಿಷ." ಹಸಿರು ಬಣ್ಣ ಆರಿಸಿ ಹಣೆಯ ನಡುವೆ ಒಂದು ಗೆರೆ ಎಳೆದ. ಸ್ಕೇಲಿಟ್ಟು ಎಳೆದಂಥ ನೆಟ್ಟನೆಯ ಗೆರೆ. ಹಣೆಗೆ ಹುಲ್ಲುಕಡ್ಡಿ ಅಂಟಿಸಿದಂತಿತ್ತು.

ಗೋವಿಂದಮ್ಮನ ಬಾಯಲ್ಲಿ ಎಲೆಅಡಿಕೆ ಕಹಿಯಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗಿತ್ತೇನೋ. ದತ್ತು ಉತ್ಸಾಹದಲ್ಲಿದ್ದ. "ಸೀರೆ ಸ್ವಲ್ಪ ಡಲ್ ಆಯ್ತು. ರೇಷ್ಮೆ ಸೀರೆ ಹಾಕ್ತೀನಿ ನೋಡಿ, ನಮ್ಮತ್ರ ಎಲ್ಲಾ ಇದೆ" ಎಂದು ಇನ್ನೊಂದು ಕಿಟಕಿ ತೆರೆದ. ತೆರೆದದ್ದು ಸೀರೆಗಳದ್ದಲ್ಲ, ಗಂಡಸರದ್ದು. ಪರದೆಯ ತುಂಬ ಸಾಲುಸಾಲಾಗಿ ಕೋಟುಗಳು. ಬೂದಿ ಕೋಟು, ನೀಲಿ ಕೋಟು, ಕಂದು ಕೋಟು. ಒಂದಕ್ಕೂ ತಲೆಯಿಲ್ಲ. ಕಾಲರಿನ ಮೇಲೆ ಬರೀ ಬಿಳೀ ಖಾಲಿ.

ಎರಡನೇ ಸಾಲಿನ ಕೊನೆಯಲ್ಲಿ ಅದು ಇತ್ತು. ಕಪ್ಪು ಕೋಟು, ನೀಲಿ ಟೈ, ಎಡಭುಜದ ಹತ್ತಿರ ಅದೇ ಮಡಿಕೆ. ಇಷ್ಟು ವರ್ಷ ಧೂಳು ಒರೆಸಿ ಒರೆಸಿ ಆಕೆಗೆ ಆ ಮಡಿಕೆ ಬಾಯಿಪಾಠವಾಗಿತ್ತು.

"ಅದು ಯಾರ್ದಪ್ಪಾ ಆ ಕೋಟು?"

"ಯಾರ್ದೂ ಅಲ್ಲಮ್ಮ. ಎಲ್ಲಾ ಸ್ಟುಡಿಯೋದಲ್ಲೂ ಇದೇ ಇರುತ್ತೆ. ಜಾಸ್ತಿ ಓಡೋದು ಇದೇನೇ. ಈ ಕಡೆ ಅರ್ಧಕ್ಕರ್ಧ ಜನ ಹೋಗಿರೋದು ಇದೇ ಕೋಟಲ್ಲಿ."

ಗೋವಿಂದಮ್ಮ ಸ್ಟೂಲಿನಿಂದ ಎದ್ದಳು. ಸೆರಗಿನಿಂದ ಮುಖದ ಪೌಡರನ್ನು ತಿಕ್ಕಿ ತಿಕ್ಕಿ ಒರೆಸಿಕೊಂಡು ಮೆಟ್ಟಿಲಿಳಿದಳು. ಬೀದಿಗೆ ಬಂದ ಮೇಲೆ, ಮಾರ್ಕೆಟ್ಟಿನ ಕೊಳೆತ ಟೊಮೆಟೊ ರಾಶಿಯ ಪಕ್ಕದಲ್ಲಿ, ಹೊಟ್ಟೆಯ ತಳದಿಂದ ಎದ್ದ ಥೂ ಒಂದನ್ನು ಉಗಿದಳು. ಟೊಮೆಟೊದವಳು ತನಗೇ ಎಂದುಕೊಂಡು ಜಗಳಕ್ಕೆ ಬಂದಳು. ತೇಜಶ್ರೀ ಅವಳಿಗೆ ಸಮಾಧಾನ ಹೇಳಿ ಅಜ್ಜಿಯನ್ನು ಆಟೋಗೆ ಹತ್ತಿಸಿದಳು.

ತೂಗುಸೇತುವೆಯ ಮೇಲೆ ಆಟೋ ನಿಂತೇಬಿಟ್ಟಿತು, ಮುಂದೆ ಬಸ್ಸು, ಹಿಂದೆ ಲಾರಿ. ಗೋವಿಂದಮ್ಮ ಹೊರಗೆ ನೋಡುತ್ತ ಮೆಲ್ಲಗೆ ಅಂದಳು: "ತಲೆ ಇಲ್ದಿರೋ ಕೋಟಿಗೆ ಎಡೆ ಇಟ್ಟೆ ಕಣೇ ನಾನು."

ತೇಜಶ್ರೀ ಅಜ್ಜಿಯ ಕೈ ಹಿಡಿದುಕೊಂಡಳು. ಮುಂಗೈ ಮೇಲಿನ ಹಚ್ಚೆಯ ರಂಗೋಲಿಯನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಆವತ್ತೇ.

ಮನೆಗೆ ಬಂದು ಊಟವಾಯಿತು. ಗೋವಿಂದಮ್ಮ ಜಗಲಿಗೆ ಬಂದರೂ ಬೀದಿಯ ಕಡೆ ನೋಡಲಿಲ್ಲ. ತೇಜಶ್ರೀ ಪಕ್ಕದಲ್ಲಿ ಕೂತು ಫೋನಿನಲ್ಲಿ ನಿಶ್ಚಿತಾರ್ಥದ ಫೋಟೋಗಳನ್ನು ಜೋಡಿಸತೊಡಗಿದಳು. ಫೋಟೋ ಜೋಡಿಸುವ ಆ ಆ್ಯಪ್ ಮುಖಗಳನ್ನು ಗುರುತು ಹಿಡಿದು, ಒಬ್ಬೊಬ್ಬರ ಫೋಟೋಗಳನ್ನು ಒಂದೊಂದು ಕಟ್ಟು ಕಟ್ಟುತ್ತದೆ. ಗುರುತು ಸಿಗದಿದ್ದರೆ ಕೇಳುತ್ತದೆ. ಈಗಲೂ ಕೇಳಿತು. ಪರದೆಯ ಮೇಲೆ ಅಕ್ಕಪಕ್ಕ ಎರಡು ದುಂಡು ಮುಖ.

ತೇಜಶ್ರೀ ಕಿಸಕ್ಕನೆ ನಕ್ಕಳು. "ಅಜ್ಜಿ, ನಿಮ್ಮ ಬಗ್ಗೆನೇ ಕೇಳ್ತಿದೆ. ಇವರಿಬ್ಬರೂ ಒಬ್ಬರೇನಾ, ಬೇರೆ ಬೇರೆಯವರಾ ಅಂತ."

ಗೋವಿಂದಮ್ಮ ತಿರುಗಿ ನೋಡಿದಳು. ಎಡಗಡೆ ಸುಣ್ಣದವಳು. ಬಲಗಡೆ ಮಂಜುಮಂಜಾದ ಕಪ್ಪು ಮುಖ, ಹಣೆಯ ಮೇಲೊಂದು ಗೆರೆ.

"ಒಬ್ಬರೇ ಅಂತ ಒತ್ತಿಬಿಡ್ತೀನಿ" ಎಂದಳು ಹುಡುಗಿ.

ಗೋವಿಂದಮ್ಮ ಅವಳ ಕೈಯನ್ನು ಹಿಡಿದುಕೊಂಡಳು. "ಬೇರೆ ಅಂತ ಒತ್ತು."

"ಅಜ್ಜಿ, ಇಬ್ಬರೂ ನೀವೇ. ಬೇರೆ ಅಂದ್ರೆ ನಿಮ್ಮ ಫೋಟೋ ಎಲ್ಲಾ ಎರಡು ಪಾಲಾಗುತ್ತೆ."

"ಆಗ್ಲಿ. ಆಸ್ತಿನೇ ಪಾಲಾಯ್ತು. ಒತ್ತು."

ಒತ್ತಿದಳು. ಆ್ಯಪ್ ಸರಿ ಎಂದಿತು. ತೇಜಶ್ರೀಗೆ ಆಗ ಒಂದು ಯೋಚನೆ ಬಂದು ಗೆರೆಯಿರುವ ಮುಖದ ಕಟ್ಟನ್ನು ಬಿಚ್ಚಿದಳು. ಸುಣ್ಣದವಳ ಕಟ್ಟಿನಲ್ಲಿ ರಾಶಿ ರಾಶಿ ಇದ್ದರೆ ಇದರಲ್ಲಿ ಬೆರಳೆಣಿಕೆಯಷ್ಟು. ಒಂದರಲ್ಲೂ ಯಾರೂ ಗೋವಿಂದಮ್ಮನ ಫೋಟೋ ತೆಗೆಯಲು ಹೋಗಿರಲಿಲ್ಲ. ಯಮುನಾಳ ಹೊಸ ಫ್ರಿಜ್ಜಿನ ಫೋಟೋದಲ್ಲಿ ಹಿಂದೆಲ್ಲೋ ಅವರೆಕಾಯಿ ಸುಲಿಯುತ್ತ ಕೂತವಳು. ಯಾರದೋ ಭುಜದಾಚೆ ಅರ್ಧ ಮುಖ. ಮುರಳಿಯ ಬೈಕಿನ ಪೂಜೆಯಲ್ಲಿ ಮೂಲೆಗೆ ನಿಂತು ನಿಂಬೆಹಣ್ಣು ಎಣಿಸುತ್ತಿದ್ದವಳು. ಮುಂದೆ ನಿಂತವರ ಮುಖಗಳನ್ನು ತಿದ್ದಿ ತೀಡಿದ ಫೋನು ಹಿಂದಿನ ಈ ಮುದುಕಿಯನ್ನು ಗಣನೆಗೇ ತೆಗೆದುಕೊಂಡಿರಲಿಲ್ಲ.

"ತಾಳು. ಇದು?" ಗೋವಿಂದಮ್ಮ ಬೆರಳಿಟ್ಟಳು.

ನಿಶ್ಚಿತಾರ್ಥದ ದಿನ ತೇಜಶ್ರೀ ಗೆಳತಿಯರ ಜೊತೆ ಗೇಟಿನ ಹತ್ತಿರ ತೆಗೆದುಕೊಂಡ ಸೆಲ್ಫಿ. ಮುಂದೆ ನಾಲ್ಕು ಹುಡುಗಿಯರು, ನಾಲ್ಕೂ ಒಂದೇ ಅಚ್ಚಿನಲ್ಲಿ ಎರೆದ ಮುಖ. ಹಿಂದೆ, ಬಿಸಿಲಿನಲ್ಲಿ, ಗೋವಿಂದಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಫ್ಲೆಕ್ಸನ್ನು ತಲೆಯೆತ್ತಿ ನೋಡುತ್ತಿದ್ದಾಳೆ. ಮೂಗು ಸೊಟ್ಟಗಾಗಿದೆ. ಕೆಳತುಟಿ ಮುಂದೆ ಬಂದಿದೆ. ಥೂ ಎನ್ನುವುದಕ್ಕೆ ಒಂದು ಉಸಿರು ಬಾಕಿ. ಬಿಸಿಲು ಹಣೆಯ ಮೇಲೇ ಬಿದ್ದು, ಗೆರೆ ಅದರ ವಾಲಿದ ತುದಿಯೊಂದಿಗೆ, ಚುಕ್ಕೆಯೊಂದಿಗೆ, ಎದ್ದು ಕಾಣುತ್ತಿದೆ. ಗದ್ದದ ಮೂರೂ ಚುಕ್ಕೆ ಅಲ್ಲೇ ಇವೆ.

"ಇದೇ" ಎಂದಳು ಗೋವಿಂದಮ್ಮ.

"ಅಜ್ಜಿ, ಇದ್ರಲ್ಲಿ ಉಗೀತಾ ಇದೀರಾ."

"ಮತ್ತೆ? ನಗ್ತಾ ಇದ್ದಿದ್ರೆ ನಾನಲ್ಲ ಅಂತಿದ್ರು."

ತೇಜಶ್ರೀ ಅಷ್ಟನ್ನೇ ಕತ್ತರಿಸಿದಳು. ಕತ್ತರಿಸಿ ಮುಗಿಯುತ್ತಲೇ ಆ್ಯಪ್ ಮತ್ತೆ ತಲೆಹಾಕಿತು, ಫೋಟೋ ಮಸುಕಾಗಿದೆ, ಮುಖವನ್ನು ಚೆಂದ ಮಾಡಲೇ ಎಂದು. ಅಜ್ಜಿ ಬೈಯುವ ಮೊದಲೇ ಮೊಮ್ಮಗಳು ತಾನೇ "ಥೂ" ಎಂದು ಅದನ್ನು ಮುಚ್ಚಿದಳು. ಅಡುಗೆಮನೆಯಿಂದ ಯಮುನಾ "ಅತ್ತೆ, ಏನಾಯ್ತು?" ಎಂದು ಕೂಗಿ ಕೇಳಿದಳು.

ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದ ಫೋಟೋ ಮಸುಕಾಗಿಯೇ ಬಂತು. ಬದುಕಿರುವವರದನ್ನು ಗೋಡೆಗೆ ಹಾಕುವುದಿಲ್ಲವೆಂದು ಗೋವಿಂದಮ್ಮ ಅದಕ್ಕೆ ಕಟ್ಟು ಹಾಕಿಸಿ, ಹಳೇ ಸೀರೆಯಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿಟ್ಟು ಬೀಗದ ಕೈಯನ್ನು ಯಮುನಾಳ ಕೈಗೆ ಕೊಟ್ಟಳು. "ಮುರಳಿ ಹತ್ರ ಕೊಡ್ಬೇಡ. ಅವ್ನು ಸ್ಟುಡಿಯೋಗೆ ಓಡ್ತಾನೆ." ಸುಭದ್ರಮ್ಮನೂ ಬಂದು ನೋಡಿ, ತನ್ನನ್ನೂ ಹೀಗೇ ತಿಳಿಯದಂತೆ ತೆಗೆಯೆಂದು ತೇಜಶ್ರೀಗೆ ಗಂಟುಬಿದ್ದಳು.

ಮಹಾಲಯ ಅಮಾವಾಸ್ಯೆ ಬಂತು. ಗಂಡನದೆನ್ನಲು ಬೇರೊಂದು ಫೋಟೋ ಯಾವ ಕಟ್ಟಿನಲ್ಲೂ ಸಿಕ್ಕಿರಲಿಲ್ಲ, ಅವನ ಕಾಲಕ್ಕೆ ಈ ಫೋನುಗಳೇ ಇರಲಿಲ್ಲ. ಮುರಳಿ ಸ್ಟುಡಿಯೋಗೆ ಒಯ್ದಿದ್ದ ಮದುವೆಯ ಗುಂಪುಫೋಟೋ ಆಗಲೇ ಎಲ್ಲೋ ಕಳೆದುಹೋಗಿತ್ತು. ಯಮುನಾ ಸಾರಿಗೆ ಒಗ್ಗರಣೆ ಹಾಕಿ ನಡುಮನೆಗೆ ಬಂದಾಗ ಅತ್ತೆ ಸ್ಟೂಲು ಹತ್ತಿ ನಿಂತಿದ್ದಳು. ಹೂವಿನ ಹಾರ ಪಕ್ಕಕ್ಕಿತ್ತು. ಬೆಳಿಗ್ಗೆಯೇ ಸೊಸೆಯಿಂದ ಬೀಗದ ಕೈ ಇಸಿದುಕೊಂಡು ಟ್ರಂಕಿನಿಂದ ತೆಗೆದಿದ್ದ ಗಂಡನ ಕೆಂಪು ಚೌಕಳಿ ಟವಲನ್ನು ಫೋಟೋದ ಎರಡೂ ಕಡೆಯಿಂದ ಇಳಿಬಿಟ್ಟು, ಕೋಟೂ ಟೈಯೂ ಒಂದು ಚೂರೂ ಕಾಣದಂತೆ ಮುಚ್ಚಿದ್ದಳು.

"ದೀಪ ಇತ್ತ ಕೊಡು" ಎಂದಳು.

ದೀಪದ ಮೇಲೆ ಹಿತ್ತಾಳೆ ತಟ್ಟೆ ಹಿಡಿದು ಕಪ್ಪು ಕೂಡಿಸಿ, ಒಂದು ಹನಿ ಎಣ್ಣೆ ಕಲಸಿ, ಬೆರಳ ತುದಿಯಲ್ಲಿ ತೆಗೆದುಕೊಂಡಳು. ಗಾಜಿನ ಮೇಲೆ ಮೂಗಿನ ಎಡಕ್ಕೆ, ಹುಣಸೆಬೀಜದಷ್ಟು ದಪ್ಪಕ್ಕೆ, ಒತ್ತಿದಳು. ಸ್ವಲ್ಪ ಹಿಂದಕ್ಕೆ ಸರಿದು ನೋಡಿದಳು. ಸಾಲದೆನಿಸಿ ಅದೇ ಬೆರಳಿನಿಂದ ಅಗಲ ತೆರೆದಿದ್ದ ಎರಡು ಕಣ್ಣನ್ನೂ ಮೇಲಿನಿಂದ ಅರ್ಧ ಮುಚ್ಚಿದಳು.

ಆಮೇಲೆ ಇಳಿದು ಎಲೆಯ ಮುಂದೆ ಕೂತು, "ಸಾರು ಬಡ್ಸು ಯಮುನಾ. ಹೊರಗಿದ್ದು ಹೊರಗಿದ್ದು ಹಸ್ದವ್ನೆ" ಎಂದಳು.